ಮೂರೂವರೆ

ಎಷ್ಟಕ್ಕೆ ಎಂದು ಕೇಳದೆ ಉತ್ತರ ಬರೆದುಬಿಟ್ಟಿದ್ದಳು. ಬೇರೆ ಯಾರಾದರೂ ಮಾಡಿದ್ದರೆ ಹೋಗಲಿ, ಏಕಮಾನ ಬರೆಯದ ಮಕ್ಕಳಿಗೆ ಅರ್ಧ ಅಂಕ ಕಳೆಯುವ ಗಣಿತದ ಟೀಚರ್ ಯಶೋಧರಾ ಮಾಡಬಹುದಾದ ತಪ್ಪೇ ಇದು? ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಕಾಯುವವರೆಗೆ ಎಂದು ಫೋನ್ ತೆಗೆದವಳಿಗೆ ಭದ್ರಾವತಿಯ ಪಿಕಲ್‌ಬಾಲ್ ಗುಂಪಿನಲ್ಲಿ ಮೂರ್ತಪ್ಪನವರು ಹಾಕಿದ್ದ ಸಂದೇಶ ಕಂಡಿತು. ಅಂದಿನ ಪಂದ್ಯಕ್ಕೆ ಬರುವವರನ್ನು ಅವರು ಎರಡು ಭಾಗ ಮಾಡಿದ್ದರು. ಮೂರರ ಲೆವೆಲ್‌ವರೆಗಿನವರು ಒಂದು ಕಡೆ, ಮೂರೂವರೆ ಮತ್ತು ಅದಕ್ಕೂ ಮೇಲಿನವರು ಇನ್ನೊಂದು ಕಡೆ. ಆ ಮೇಲಿನವರ ಸಾಲಿನಲ್ಲಿ ಅವಳ ಹೆಸರೂ ಅವಳ ಜೊತೆಗಾತಿ ಹೂವಮ್ಮನ ಹೆಸರೂ ಇದ್ದವು. ಕೆಳಗೆ ಯಾರೋ, 'ಸರ್, ಎಷ್ಟಕ್ಕೆ ಈ ನಂಬರು?' ಎಂದು ಕೇಳಿದ್ದರು. ಅವಳು ಕೇಳಬೇಕಾಗಿದ್ದ ಪ್ರಶ್ನೆ. ಮೂರ್ತಪ್ಪನವರು ಉತ್ತರಿಸಿದ್ದರು: 'ನಮ್ಮ ಕಡೆ ಐದಕ್ಕೆ ಮುಗೀತು. ಎರಡು ಅಂದ್ರೆ ಈಗ ತಾನೇ ಪ್ಯಾಡಲ್ ಹಿಡಿದವರು. ಮೂರೂವರೆ ಅಂದ್ರೆ ಪಳಗಿದ ಕೈ.' ಯಶೋಧರಾ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು.

'ನಿಮ್ಮ ಆಟದ ಲೆವೆಲ್ ಎಷ್ಟು, ನೀವೇ ಯೋಚಿಸಿ ಕಳಿಸಿ' ಎಂದು ಅವರು ಕೇಳಿದ್ದ ಸಂಜೆ ಅವಳ ಮುಂದೆ ಹತ್ತನೇ ತರಗತಿಯ ಉತ್ತರಪತ್ರಿಕೆಗಳ ಕಟ್ಟು ಇತ್ತು, ಕೈಯಲ್ಲಿ ಕೆಂಪು ಪೆನ್ನು ಇತ್ತು. ನೀವೇ ಎಂಬ ಪದವೇ ಅವಳನ್ನು ಕಂಗೆಡಿಸಿತು. ಯಾರ ಮಗುವಿಗೆ ಎಷ್ಟು ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಿಗೆ ತನ್ನದು ಎಷ್ಟು ಎಂದು ಯಾರೂ ಕೇಳಿರಲಿಲ್ಲ. ತವರಿನಲ್ಲಿ ಬಂದವರು, 'ಹುಡುಗಿ ಹೆಂಗೆ ಓದ್ತಾಳೆ?' ಎಂದರೆ ಅಪ್ಪ, 'ಏನೋ, ಸುಮಾರು' ಎನ್ನುತ್ತಿದ್ದ. ಅವಳು ತಾಲ್ಲೂಕಿಗೇ ಎರಡನೆಯವಳಾಗಿ ಬಂದ ವರ್ಷವೂ ಸುಮಾರೇ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಎಂಬುದು ಆ ಮನೆಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆಯುವಷ್ಟು ಸಹಜವಾದ ಪಾಠವಾಗಿತ್ತು. ಹಾಗಂತ ತೀರಾ ಕಡಿಮೆ ಬರೆದರೆ, 'ಅಯ್ಯೋ, ನೀವು ಹಾಗೆಲ್ಲ ಅನ್ಬೇಡಿ ಮೇಡಂ' ಎಂದು ಹೊಗಳಿಸಿಕೊಳ್ಳಲು ಬರೆದ ಹಾಗಾಗುತ್ತದೆ, ಅದೂ ಒಂದು ಬಗೆಯ ಜಂಬವೇ. ಹೆಚ್ಚೂ ಅಲ್ಲದ, ಅಳುಮುಂಜಿತನವೂ ಅಲ್ಲದ ಅಂಕ ಯಾವುದು? ನೂರಕ್ಕೆ ಮೂವತ್ತೈದು. ನಿಯಮ ಈಗ ಏನೇ ಆಗಿರಲಿ, ಅವಳ ಕೈಗೆ ಅದೇ ಪಾಸು. ಬಡವರ ಮನೆ ಊಟದ ಹಾಗೆ, ಹೊಟ್ಟೆ ತುಂಬುತ್ತದೆ, ಯಾರೂ ಕಣ್ಣು ಹಾಕುವುದಿಲ್ಲ. ಹತ್ತಕ್ಕೆ ಇಳಿಸಿದರೆ ಮೂರೂವರೆ. ಬರೆದು ಕಳಿಸಿದಳು. ಹೂವಮ್ಮ ಫೋನಿನಲ್ಲಿ, 'ನಂಗೆ ಒಂದು ಏಳು ಹಾಕು ಮಾರಾಯ್ತಿ' ಎಂದಿದ್ದಳು. ಯಶೋಧರಾ ನಾಚಿಕೊಂಡು ಅವಳಿಗೂ ಮೂರೂವರೆಯನ್ನೇ ಹಾಕಿದ್ದಳು.

'ಉಪ್ಪಿನಕಾಯಿ ಮ್ಯಾಚು ಎಷ್ಟು ಹೊತ್ತಿಗೆ?' ಎಂದು ಶಿವಕುಮಾರ್ ಪೇಪರಿನ ಹಿಂದಿನಿಂದ ಕೇಳಿದ. ಹೆಂಡತಿ ಪಿಕಲ್‌ಬಾಲ್ ಸೇರಿದ ದಿನದಿಂದ ಅವನ ಬಾಯಲ್ಲಿ ಅದಕ್ಕೆ ಇದೇ ಹೆಸರು. ಕೆಟ್ಟ ಮನುಷ್ಯನಲ್ಲ. ಅವಳ ಮಂಡಿನೋವಿಗೆ ಡಾಕ್ಟರು ಏನಾದರೂ ಆಡಿ ಎಂದಾಗ ಅಗಲ ಬ್ಯಾಟಿನಂಥ ಪ್ಯಾಡಲ್ ತಂದುಕೊಟ್ಟವನೂ ಅವನೇ. ಆದರೆ ಒಂದು ಸಲ ಆಟ ನೋಡಲು ಬಂದು, ತೂತಿನ ಪ್ಲಾಸ್ಟಿಕ್ ಚೆಂಡು ಟಕ್ ಟಕ್ ಎಂದು ಆಚೆ ಈಚೆ ಹೋಗುವುದನ್ನು ನೋಡಿ, 'ಚೆನ್ನಾಗಿದೆ, ಯಾರಿಗೂ ಪೆಟ್ಟಾಗಲ್ಲ' ಎಂದಿದ್ದ. ಆ ಮಾತು ಅವಳೊಳಗೆ ಹಲ್ಲಿನ ಸಂದಿಯ ನಾರಿನ ಹಾಗೆ ಉಳಿದಿತ್ತು. ಈಗ ಇವನಿಗೆ ಹೇಳಿದರೆ ವರ್ಷವಿಡೀ ನಗುತ್ತಾನೆ. ಮೂರ್ತಪ್ಪನವರಿಗೆ ಫೋನ್ ಮಾಡಿ ಕೆಳಗಿನ ಗುಂಪಿಗೆ ಹಾಕಿ ಎನ್ನಬಹುದು. ಆದರೆ ಯಾಕೆ ತಪ್ಪಾಯಿತು ಎಂದು ಅವರು ಕೇಳಿದರೆ? ಪಾಸ್ ಮಾರ್ಕು ಅಂದುಕೊಂಡೆ ಸರ್ ಎನ್ನುವುದೇ? ಅಷ್ಟರಲ್ಲಿ ಬೀದಿಯಲ್ಲಿ ಹೂವಮ್ಮನ ಸ್ಕೂಟರಿನ ಹಾರನ್ ಕೇಳಿ, ಅವಳು ಕಾಫಿ ಕುಡಿಯದೆಯೇ ಹೊರಟಳು.

ಹೂವಮ್ಮನದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಳೆ ಅಂಗಡಿ. ಊರು ಹೊಳೆಹೊನ್ನೂರು, ಗಂಟಲೂ ಅಲ್ಲಿಯ ಸಂತೆಯದೇ. ಸ್ಕೂಟರಿನ ಹಿಂದೆ ಕೂತು ಯಶೋಧರಾ ನಡೆದದ್ದನ್ನೆಲ್ಲ ಹೇಳಿದಾಗ ಗಾಳಿಯಲ್ಲಿ ಅರ್ಧ ಹಾರಿಹೋಗಿ ಅರ್ಧ ಅವಳಿಗೆ ತಲುಪಿತು.

'ಐದಕ್ಕಾ? ಹಂಗಾದ್ರೆ ನಾನು ಏಳು ಅಂದಿದ್ದು?'

'ಅದಕ್ಕೇ ಹಾಕ್ಲಿಲ್ಲ, ಪುಣ್ಯ.'

'ನಂಗೇನು ಗೊತ್ತು ಮಾರಾಯ್ತಿ. ನಮ್ಮಲ್ಲಿ ಎರಡು ನಾಲ್ಕು, ಎರಡು ಆರು, ಎರಡು ಎಂಟು. ಅಷ್ಟೇ ಸೈಜು. ಮೂರೂವರೆ ಬಳೆ ಕೇಳಿದ್ರೆ ಸಕ್ರೆಬೈಲಿನ ಆನೆಗೆ ತೊಡಿಸ್ಬೇಕು.' ಹೂವಮ್ಮ ತನ್ನ ಮಾತಿಗೆ ತಾನೇ ನಕ್ಕಳು, ಸ್ಕೂಟರು ಓಲಾಡಿತು. 'ಹೋಗ್ಲಿ ಬಿಡು. ಕೈ ಸಣ್ಣದೋ ದೊಡ್ಡದೋ ತೊಟ್ಟು ನೋಡಿದ್ರೆ ತಾನೇ ಗೊತ್ತಾಗೋದು? ಎಷ್ಟು ಜನ ಎರಡು ನಾಲ್ಕು ಅಂತ ಹಠ ಹಿಡಿದು ಅಂಗಡೀಲಿ ಬಳೆ ಒಡೀತಾರೆ ಗೊತ್ತಾ?'

ಮಾಚೇನಹಳ್ಳಿ ದಾಟುವಾಗ ಸೋಗಾನೆಯ ಕಡೆಯಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಯಶೋಧರಾ ಅದನ್ನು ನೋಡುತ್ತಿದ್ದಳು, ಆದರೆ ಮನಸ್ಸು ವಿನೋಬನಗರದ ಕೋರ್ಟಿನಲ್ಲಿತ್ತು. ದಿನಾ ಸಂಜೆ ಅಲ್ಲಿ ತಾನು ಆಡುವುದು ನಿಜಕ್ಕೂ ಏನನ್ನು? ಎದುರಿಗೆ ಮೆತ್ತಗಿನವರು ಬಂದರೆ ಪಾಪ ಎಂದು ಅವರ ಕೈಗೇ ಚೆಂಡು ಕಳಿಸುತ್ತಾಳೆ. ಜೋರಿನವರು ಬಂದರೆ ಇವರ ಮುಂದೆ ನಾವೆಲ್ಲಿ ಎಂದು ಮೊದಲೇ ಸೋತು, ಸೋತದ್ದಕ್ಕೆ ನಗುತ್ತ ನೀರು ಕುಡಿಯುತ್ತಾಳೆ. ಹಾಗಾದರೆ ಅವಳು ಪೂರ್ತಿ ಆಡಿದ್ದು ಯಾವತ್ತು? ಮೂರೋ ಮೂರೂವರೆಯೋ ಹೋಗಲಿ, ಎರಡೋ ಎಂದೂ ಹೇಳುವಂತಿಲ್ಲ. ಒಂದು ಪರೀಕ್ಷೆಯನ್ನೂ ಬರೆಯದ ಹುಡುಗಿಗೆ ಅಂಕ ಕೊಡುವುದು ಹೇಗೆ? ಗೈರುಹಾಜರು ಎಂದು ಬರೆಯಬೇಕು. ಈ ಯೋಚನೆ ಬಂದದ್ದೇ ಅವಳಿಗೆ ಮೈ ಚುರುಕ್ಕೆಂದಿತು, ಅವಮಾನದಿಂದಲೂ, ಯಾಕೋ ಸ್ವಲ್ಪ ಆಸೆಯಿಂದಲೂ. ಇವತ್ತಾದರೂ ತನ್ನದು ಎಷ್ಟು ಎಂದು ಗೊತ್ತಾಗಬೇಕು. ಆದರೆ ಅದು ನಾಲ್ಕು ಜನರ ಮುಂದೆ, ಅದೂ ಪಳಗಿದ ಕೈಗಳ ಎದುರಲ್ಲೇ ಆಗಬೇಕೇ? ಭದ್ರಾವತಿಯ ಸೇತುವೆ ಬಂತು, ಹೊಳೆಯಲ್ಲಿ ನೀರು ತಿಳಿಯಾಗಿತ್ತು.

ಕೋರ್ಟು ಹಳೆಯ ಕಾರ್ಖಾನೆ ಕ್ವಾರ್ಟರ್ಸಿನ ಮಧ್ಯೆ ಇತ್ತು. ಸಿಮೆಂಟಿನ ಅಂಗಳಕ್ಕೆ ಹಸಿರು ಬಣ್ಣ ಬಳಿದು ಬಲೆ ಕಟ್ಟಿದ್ದರು. ಸುತ್ತಲಿನ ಮನೆಯವರು ಕುರ್ಚಿ ತಂದು ಹಾಕಿಕೊಂಡು, ತಮಿಳು ಕನ್ನಡ ಬೆರೆಸಿ ಮಾತಾಡುತ್ತ, ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುವವರ ಹಾಗೆ ಕೂತಿದ್ದರು. ಕಾರ್ಖಾನೆಯಲ್ಲಿದ್ದು ನಿವೃತ್ತರಾದ ಮೂರ್ತಪ್ಪನವರು ಕತ್ತಿಗೆ ಸೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದವರು ಇವರನ್ನು ಕಂಡು ಹತ್ತಿರ ಬಂದರು. ಅವರಿಗೇ ಅನುಮಾನ ಬಂದಿತ್ತೋ ಏನೋ, ದನಿ ತಗ್ಗಿಸಿ, 'ಮೇಡಂ, ಶಿವಮೊಗ್ಗದಿಂದ ಮೇಲಿನ ಗುಂಪಿಗೆ ನೀವಿಬ್ರೇ. ನಂಬರ್ ಹಾಕುವಾಗ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಈಗ್ಲೇ ಹೇಳಿಬಿಡಿ. ಕೆಳಗಿನ ಗುಂಪಲ್ಲಿ ಒಂದು ಜೋಡಿಗೆ ಜಾಗ ಇದೆ' ಎಂದರು. ಯಶೋಧರಾಳ ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗಾಯಿತು. ಹೌದು ಸರ್ ಎನ್ನಲು ಬಾಯಿ ತೆರೆದೇಬಿಟ್ಟಿದ್ದಳು.

'ಮಿಸ್!'

ಆ ದನಿಗೆ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೀಸೆ ಬಂದಿದೆ, ಭುಜ ಅಗಲವಾಗಿದೆ, ಆದರೆ ನಗುವಾಗ ಒಂದು ಕಣ್ಣು ಸಣ್ಣದಾಗುವುದು ಮಾತ್ರ ಹಾಗೇ ಇದೆ. ಯೋಗೇಶ್. ಮೂರನೇ ಬೆಂಚಿನವನು. ಪಕ್ಕದಲ್ಲಿ ಪ್ಯಾಡಲ್ ಹಿಡಿದು ನಿಂತಿದ್ದವಳನ್ನು ತೋರಿಸಿ, 'ನಮ್ಮನೆಯವ್ರು ಮಿಸ್, ಸುಶ್ಮಿತಾ. ಫಸ್ಟ್ ಮ್ಯಾಚು ನಿಮ್ ಜೊತೆಗೇ. ನೀವು ಮೂರೂವರೆ ಅಂತ ನೋಡಿ ನಂಗೆಷ್ಟು ಖುಷಿಯಾಯ್ತು ಗೊತ್ತಾ? ನಮ್ ಮಿಸ್ ಕಣೇ, ಲೆಕ್ಕದಲ್ಲಿ ಹುಲಿ' ಎಂದ. ಸುಶ್ಮಿತಾ ಕೈ ಮುಗಿದಳು. ಮೂರ್ತಪ್ಪನವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. ಶಿಷ್ಯನ ಎದುರು, ಅವನ ಹೆಂಡತಿಯ ಎದುರು, ಲೆಕ್ಕದಲ್ಲಿ ಹುಲಿಯಾದವಳು ಲೆಕ್ಕ ತಪ್ಪಿದೆ ಎನ್ನುವುದು ಹೇಗೆ? 'ಇಲ್ಲ ಸರ್, ಸರಿಯಾಗೇ ಇದೆ' ಎಂದಳು. ಹೂವಮ್ಮ ಅವಳ ಪಕ್ಕೆಗೆ ಮೊಣಕೈಯಿಂದ ತಿವಿದಳು.

ಹನ್ನೊಂದು ಪಾಯಿಂಟಿನ ಒಂದೇ ಆಟ, ಸರ್ವ್ ಮಾಡುವ ಕಡೆಯವರಿಗಷ್ಟೇ ಪಾಯಿಂಟು, ಸೋತವರು ಹೊರಗೆ. ಆಟ ಶುರುವಾದ ಮೇಲೆ ಯಶೋಧರಾ ಅಂದುಕೊಂಡಂತೆ ಯಾವುದೂ ನಡೆಯಲಿಲ್ಲ. ಅವಳ ಮೊದಲ ಸರ್ವ್ ಹಗುರವಾಗಿ ಆಚೆ ಬಿತ್ತು, ಯೋಗೇಶ ಅದನ್ನು ಬಲೆಗೆ ಹೊಡೆದ. ಒಂದು ಸೊನ್ನೆ. ಎರಡನೆಯದನ್ನು ಗೆರೆಯಾಚೆ ಕಳಿಸಿದ. ಮೂರನೆಯದು ಅವಳ ಪ್ಯಾಡಲಿಗೇ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಬಂತು. ಅವಳು ಅದನ್ನು ಇಬ್ಬರ ನಡುವೆ ಹೊಡೆದಳು. ಕುರ್ಚಿಯ ಸಾಲಿನಿಂದ ಒಬ್ಬ ಹೆಂಗಸು, 'ವಿಡಾದೀಂಗ ಅಕ್ಕಾ, ಬಿಡ್ಬೇಡಿ!' ಎಂದು ಕೂಗಿದಳು. ನಾಲ್ಕು, ಐದು. ಹೂವಮ್ಮನಂತೂ ಬಲೆಯ ಹತ್ತಿರದ ಪಟ್ಟಿಗೆ ಕಾಲಿಟ್ಟು ಒಂದು ಪಾಯಿಂಟು ಕಳೆದರೂ, 'ಇದಕ್ಕೆ ಕಿಚನ್ ಅಂತಾರಂತೆ. ಹೆಂಗಸರಿಗೆ ಕಿಚನ್ನಿಂದ ಆಚೆ ಇರಿ ಅನ್ನೋ ಆಟ ಲೋಕದಲ್ಲಿ ಇದೊಂದೇ' ಎಂದು ಜನರನ್ನು ನಗಿಸಿದಳು. ಆ ಐದು ಪಾಯಿಂಟುಗಳ ಹೊತ್ತು ಯಶೋಧರಾ ಸುಖವಾಗಿದ್ದಳು, ಮುಚ್ಚಿಡುವುದೇನು. ಇಷ್ಟು ದಿನ ಸುಮ್ಮನೆ ಹೆದರಿದೆ, ಕೈಯಲ್ಲಿ ವಿದ್ಯೆ ಇತ್ತು, ನನಗೇ ಗೊತ್ತಿರಲಿಲ್ಲ ಎಂದುಕೊಂಡಳು. ಆರು ಎರಡು ಆಯಿತು. ಸಂಜೆ ಮನೆಗೆ ಹೋಗಿ ಶಿವಕುಮಾರನಿಗೆ ಯಾವ ಮಾತಿನಲ್ಲಿ ಶುರುಮಾಡಬೇಕೆಂದೂ ಹೊಳೆಯಿತು.

ಮುಂದಿನ ಚೆಂಡು ಯೋಗೇಶನಿಗೆ ಎದೆಯ ಎತ್ತರಕ್ಕೆ, ಹೊಡಿ ಎಂದು ಕರೆದು ಕೊಟ್ಟ ಹಾಗೆ ಹೋಯಿತು. ಅವನು ಕೈಯೆತ್ತಿದ. ಎತ್ತಿದ ಕೈ ಅರ್ಧದಲ್ಲಿ ನಿಂತು, ಚೆಂಡನ್ನು ಮೆಲ್ಲಗೆ ಬಲೆಗೆ ತಟ್ಟಿತು. ಏಳು ಎರಡು. ತಟ್ಟುವಾಗ ಅವನು ಚೆಂಡನ್ನು ನೋಡಲಿಲ್ಲ. ತುಟಿ ಬಿಗಿಹಿಡಿದು ಬೇರೆಲ್ಲೋ ನೋಡಿದ. ಆ ಮುಖ ಯಶೋಧರಾಗೆ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದ್ದಲ್ಲ, ಒಳಗಿನಿಂದ ಗೊತ್ತಿತ್ತು. ಮೂವತ್ತಮೂರಕ್ಕೆ ನಿಂತ ಉತ್ತರಪತ್ರಿಕೆಯ ಮೇಲೆ ಇನ್ನೆರಡು ಎಲ್ಲಿ ಸಿಕ್ಕುತ್ತದೆ ಎಂದು ಹುಡುಕಿ, ಯಾವುದೋ ಪ್ರಮೇಯದ ಪಕ್ಕ ಪೆನ್ನು ತಾಗಿಸಿ, ತಟ್ಟನೆ ಪುಟ ಮಗುಚುವಾಗ ಅವಳ ತುಟಿ ಹೀಗೇ ಬಿಗಿಯುತ್ತಿತ್ತು. ಆಹಾ, ಎಷ್ಟು ಜನಕ್ಕೆ ಹಾಕಿದ್ದಾಳೆ! ಹಾಕಿದ ರಾತ್ರಿಗಳಲ್ಲಿ ದೇವರ ಮುಂದೆ ದೀಪ ಹಚ್ಚಿದವಳ ಹಾಗೆ ಹಗುರಾಗಿ ಮಲಗಿದ್ದಾಳೆ. ಹಾಕಿಸಿಕೊಂಡವರಿಗೆ ಹೇಗಿರುತ್ತದೆ ಎಂದು ಕೇಳಿದವಳಲ್ಲ. ಹೀಗಿರುತ್ತದೆ, ಕಿವಿ ಬಿಸಿಯಾಗುತ್ತದೆ. ಏಳರಲ್ಲಿ ತನ್ನದು ಎಷ್ಟು ಎಂದು ಲೆಕ್ಕ ಹಾಕಿದಳು. ಆ ನಡುವೆ ಹೊಡೆದದ್ದೊಂದು ಇರಬಹುದು. ಅದೂ ತಟ್ಟೆಯಲ್ಲಿಟ್ಟು ಕೊಟ್ಟದ್ದು.

ನೀರು ಕುಡಿಯಲು ನಿಂತಾಗ ಸುಶ್ಮಿತಾ ಗಂಡನಿಗೆ ಏನೋ ಗದರುತ್ತಿದ್ದಳು. ಯಶೋಧರಾ ನೆಟ್ಟಗೆ ಅವರ ಕಡೆಗೆ ಹೋದಳು.

'ಯೋಗೇಶ, ಬೇಕಂತ ನೆಟ್ಟಿಗೆ ಹೊಡೀತಿದೀಯಾ?'

'ಇಲ್ಲ ಮಿಸ್, ಇವತ್ಯಾಕೋ ಕೈ ಬರ್ತಿಲ್ಲ.'

'ಸುಳ್ಳು ಹೇಳಿದ್ರೂ ನಿನ್ನ ಎಡಗಣ್ಣು ಹಿಂಗೇ ಸಣ್ಣಗಾಗುತ್ತೆ. ಆಗ್ಲೂ ಆಗ್ತಿತ್ತು.'

ಅವನು ಪ್ಯಾಡಲಿನಿಂದ ಕಾಲು ಕೆರೆದುಕೊಂಡ. 'ಮಿಸ್, ಪ್ರಿಪರೇಟರಿಲಿ ನೀವು ಎರಡು ಮಾರ್ಕ್ಸ್ ಹಾಕಿ ಪಾಸ್ ಮಾಡಿದ್ರಿ. ಆ ಎರಡು ಇಲ್ದಿದ್ರೆ ಅಪ್ಪ ಸ್ಕೂಲು ಬಿಡಿಸಿ ಗ್ಯಾರೇಜಿಗೆ ಹಾಕ್ತಿದ್ರು. ನಿಮ್ ಋಣ ಇದೆ ಮಿಸ್. ನಿಮ್ಮ ಮೇಲೆ ಹೊಡೆಯೋಕೆ ಕೈ ಏಳಲ್ಲ.'

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದರಿಂದಲೇ ಅವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೆಗಲು ತಟ್ಟಿ, ಒಳ್ಳೆಯದಾಗಲಿ ಮಗನೇ ಎಂದು ಗೆದ್ದುಕೊಂಡು ಹೋಗಬಹುದು; ಇನ್ನು ನಾಲ್ಕೇ ಪಾಯಿಂಟು. ಎಲ್ಲರಿಗೂ ಸಂತೋಷ. ಹೂವಮ್ಮ ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬರುತ್ತಾಳೆ. ತಾನು ಮಾತ್ರ ಇನ್ನೂ ಗೈರುಹಾಜರು. ಅವನು ಗ್ಯಾರೇಜಿಗೆ ಹೋಗದೆ ಉಳಿದದ್ದು ಒಳ್ಳೆಯದೇ ಆಯಿತು, ಆ ಎರಡು ಅಂಕಕ್ಕೆ ಅವಳು ಪಶ್ಚಾತ್ತಾಪ ಪಡಲಾರಳು. ಆದರೆ ತನ್ನನ್ನು ಈಗ ಯಾವ ಅಪ್ಪ ಯಾವ ಗ್ಯಾರೇಜಿಗೆ ಹಾಕುತ್ತಾನೆ? ತನಗೇಕೆ ಈ ಕನಿಕರ? ಸಿಟ್ಟು ಪಾದದಿಂದ ಏರಿ ಗಂಟಲಿಗೆ ಬಂದು, ಕೊನೆಯ ಬೆಂಚಿನವರೆಗೆ ಕೇಳಿಸುವ ಆ ಹಳೆಯ ದನಿಯಾಗಿ ಹೊರಬಿತ್ತು.

'ಕೈ ಏಳಲ್ವಾ? ಏಳಿಸು. ನನ್ ಪಾಯಿಂಟು ನಾನು ತಗೋತೀನಿ, ನೀನೇನೂ ಹಾಕ್ಬೇಡ. ಮೂರ್ತಪ್ಪ ಸರ್, ಇದನ್ನ ಅಳಿಸಿ. ಸೊನ್ನೆ ಸೊನ್ನೆಯಿಂದ ಶುರು ಮಾಡಿ.'

ಮೂರ್ತಪ್ಪನವರು ಸೀಟಿಯನ್ನು ಬಾಯಿಂದ ತೆಗೆದು, 'ಹಂಗೆ ಅಳಿಸೋಕೆ ರೂಲ್ಸಲ್ಲಿ ಇಲ್ಲ ಮೇಡಂ' ಎಂದರು. 'ಎರಡೂ ಕಡೆಯವ್ರು ಒಪ್ಪಿದ್ರೆ ನೋಡ್ಬೋದು.'

'ನಾವು ಒಪ್ತೀವಿ' ಎಂದು ಸುಶ್ಮಿತಾ ಥಟ್ಟನೆ ಹೇಳಿದಳು.

'ಏಳು ಪಾಯಿಂಟು ಮಾರಾಯ್ತಿ!' ಹೂವಮ್ಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. 'ಬಂದ ಲಕ್ಷ್ಮೀನ ಒದೀತಾರಾ ಯಾರಾದ್ರೂ? ನಿಂಗೇನು ತಲೆ ಕೆಟ್ಟಿದೆಯಾ?'

'ಹೂವಕ್ಕ, ಅದು ನಮ್ಮದಲ್ಲ. ಬನ್ನಿ, ಒಂದ್ಸಲ ತೊಟ್ಟು ನೋಡೋಣ. ಒಡೆದ್ರೆ ಒಡೀಲಿ.'

ಹೂವಮ್ಮ ಸೆರಗಿನ ಬದಲು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, 'ಹಂಗಾದ್ರೆ ನಡಿ' ಎಂದಳು.

ನಿಜವಾದ ಆಟ ಬೇರೆಯೇ ಇತ್ತು. ಚೆಂಡು ಬರುವುದು ಕಾಣಿಸುತ್ತಿರಲಿಲ್ಲ, ಬಂದು ಹೋದ ಸದ್ದು ಕೇಳಿಸುತ್ತಿತ್ತು. ಸೊನ್ನೆಗೆ ಆರಾಯಿತು. ಯಶೋಧರಾ ಹೆದರಿಕೊಂಡಿದ್ದ ಅವಮಾನ ಪೂರ್ತಿ ಅವಳೆದುರು ಬಂದು ನಿಂತಿತು. ಅದರ ಮುಖ ಇಷ್ಟು ಹತ್ತಿರದಿಂದ ನೋಡಿದರೆ ಅಷ್ಟೇನೂ ಭಯಂಕರವಾಗಿರಲಿಲ್ಲ. ಸೋಲುತ್ತಿದ್ದಾಳೆ, ಸರಿ. ಜನ ನೋಡುತ್ತಿದ್ದಾರೆ, ಸರಿ. ಕಾಲು ಓಡುತ್ತಿದೆಯಲ್ಲ. ಏಳನೆಯದಕ್ಕೆ ಯೋಗೇಶ ಹಿಂದೆ ಸರಿದು ನಿಂತದ್ದು ಅವಳಿಗೆ ಕಂಡಿತು. ಚೆಂಡನ್ನು ಹೊಡೆಯದೆ, ಬಲೆಯಾಚೆ ಕಿಚನ್ನಿನಲ್ಲಿ ಸುಮ್ಮನೆ ಇಟ್ಟುಬಿಟ್ಟಳು. ಅವನು ಓಡಿ ಬಂದ, ಬಗ್ಗಿದ, ಸಿಗಲಿಲ್ಲ. ಬಿಟ್ಟದ್ದಲ್ಲ, ಸಿಗಲಿಲ್ಲ; ಅವನ ಎರಡೂ ಕಣ್ಣು ಅಗಲವಾಗಿದ್ದವು. ಸರ್ವ್ ಇವರ ಕಡೆಗೆ ಬಂತು. ಅವಳು ಮತ್ತೆ ಇಟ್ಟಳು, ಈ ಸಲ ಸುಶ್ಮಿತಾಳ ಎಡಕ್ಕೆ. ಒಂದು. ಇದು ನನ್ನದು ಎಂದು ಅವಳು ಜೋರಾಗಿಯೇ ಹೇಳಿಕೊಂಡಳೇನೋ, ಹೂವಮ್ಮ, 'ನಂದೂ ಒಂದು ಇರ್ಲಿ' ಎಂದು ಮುಂದಿನದನ್ನು ಗೆರೆಯ ಮೇಲೆಯೇ ಬಾರಿಸಿದಳು. ಅವರದು ಒಂಬತ್ತು, ಇವರದು ನಾಲ್ಕು; ಹತ್ತು ನಾಲ್ಕು, ಹತ್ತು ಐದು. ಅಂಗಿ ಬೆನ್ನಿಗೆ ಅಂಟಿತ್ತು, ಮಂಡಿಯ ನೆನಪೇ ಇರಲಿಲ್ಲ, ಬಾಯಿ ಒಣಗಿತ್ತು. ಇಷ್ಟು ವರ್ಷದಲ್ಲಿ ಯಾವ ಕೆಲಸದಲ್ಲೂ ತಾನು ಇಷ್ಟು ಪೂರ್ತಿಯಾಗಿ ಹಾಜರಿದ್ದದ್ದು ಅವಳಿಗೆ ನೆನಪಾಗಲಿಲ್ಲ. ಹಾಯೆನಿಸಿತು.

ಸರ್ವ್ ಮತ್ತೆ ಅವರಿಗೆ ಹೋಯಿತು. ಇದು ಹೋದರೆ ಆಟ ಮುಗಿಯಿತು. ವಿನೋಬನಗರದಲ್ಲಾಗಿದ್ದರೆ ಈ ಹೊತ್ತಿಗೆ ಅವಳು ಎರಡು ಹೆಜ್ಜೆ ಹಿಂದೆ ಸರಿದು ನಗಲು ತಯಾರಾಗಿರುತ್ತಿದ್ದಳು. ಇವತ್ತು ಮುಂದೆ ಹೋಗಿ ಕಿಚನ್ನಿನ ಗೆರೆಗೆ ಬೆರಳು ತಾಗುವಂತೆ ನಿಂತಳು. ಚೆಂಡು ಅತ್ತ ಹೋಯಿತು, ಇತ್ತ ಬಂತು, ಹೂವಮ್ಮನಿಂದ ತುಸು ಎತ್ತರವಾಗಿ ಹಾರಿ ಯೋಗೇಶನ ಬಲಗೈಗೆ ಹೋಯಿತು. ಅವನು ಕೈಯೆತ್ತಿದ. ಒಂದು ಕ್ಷಣ ಅವಳನ್ನು ನೋಡಿದ. ಹೊಡಿಯೋ ಎಂದು ಅವಳ ಕಣ್ಣು ಹೇಳಿತು, ಬಾಯಿ ಹೇಳಿತೋ ಇಲ್ಲವೋ ಗೊತ್ತಿಲ್ಲ. ಎತ್ತಿದ ಕೈ ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ.

ಚೆಂಡು ಅವಳ ತೋಳಿಗೆ ಚಟಾರನೆ ಬಡಿದು ಕುರ್ಚಿಗಳ ಕಡೆಗೆ ಹಾರಿತು. ಮೈಗೆ ತಾಗಿದರೆ ಪಾಯಿಂಟು ಹೊಡೆದವರದ್ದು. ಮೂರ್ತಪ್ಪನವರು ಸೀಟಿ ಊದಿದರು. ಯೋಗೇಶ ಪ್ಯಾಡಲ್ ಅಲ್ಲೇ ಎಸೆದು, ಬಲೆಯ ಕೆಳಗೇ ನುಗ್ಗಿ ಓಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. 'ಅಯ್ಯೋ ಮಿಸ್, ಸಾರಿ ಮಿಸ್, ಬೇಕಂತ ಹೊಡೀಲಿಲ್ಲ ಮಿಸ್.'

'ಬೇಕಂತಲೇ ಹೊಡ್ದಿದೀಯ' ಎಂದಳು ಯಶೋಧರಾ, 'ಎಷ್ಟು ಚೆನ್ನಾಗಿ ಹೊಡ್ದೆಯೋ!' ಅವಳಿಗೆ ನಗು ತಡೆಯಲಾಗಲಿಲ್ಲ. ತೋಳು ಉರಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಸುಶ್ಮಿತಾ ಬಂದು ಅವಳ ಕೈ ಹಿಡಿದುಕೊಂಡಳು. ತೂತು ಚೆಂಡಿನ ಅಚ್ಚು ಚರ್ಮದ ಮೇಲೆ ದುಂಡಗೆ ಕೆಂಪಗೆ ಮೂಡತೊಡಗಿತ್ತು.

ಹೂವಮ್ಮ ಮಜ್ಜಿಗೆ ಮಾರುವವಳ ಡಬ್ಬಿಯಿಂದ ಐಸು ಕೇಳಿ ತಂದು, 'ಹಿಡಿ, ಒತ್ಕೋ, ಇಲ್ದಿದ್ರೆ ಊದುತ್ತೆ' ಎಂದು ಕೊಡಲು ಹೋದಳು.

ಯಶೋಧರಾ ತೋಳನ್ನು ಹಿಂದಕ್ಕೆ ಎಳೆದುಕೊಂಡಳು.

'ಬೇಡ ಹೂವಕ್ಕ, ಮಾಸಿಹೋಗುತ್ತೆ. ಮನೇಲಿ ತೋರಿಸ್ಬೇಕು.'